ಕೊಟ್ಟಿಗೆ ಕಂಬದ ಬುಡ ಬದಲಾಯಿಸಿದ್ದು: ನನ್ನ ಅನುಭವ

ಮೂರು ಮಳೆಗಾಲ ಕಳೆಯಿತು. ಕಂಬ ಕೂತ ಜಾಗದಿಂದ ಒಂದು ನೂಲೂ ಕದಲಿಲ್ಲ. ಇನ್ನು ಧೈರ್ಯವಾಗಿ ಬರೆಯಬಹುದು.

ತೀರ್ಥಹಳ್ಳಿ ಕಡೆ ನಮ್ಮದು ಅಜ್ಜನಿಗಿಂತ ಹಳೇ ಕೊಟ್ಟಿಗೆ. ಹದಿನಾಲ್ಕು ಕಂಬ, ಮೇಲೆ ಹುಲ್ಲಿನ ಅಟ್ಟ, ಮಂಗಳೂರು ಹೆಂಚು. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ ಸುಮ್ನೆ ಮರೆಗೆ, ಭಾರವೆಲ್ಲ ಕಂಬ, ತೊಲೆ ಮೇಲೆ. ಒಂಬತ್ತು ಕಂಬದ ಬುಡ ಗಂಜಲ ಕುಡಿದು ಕುಂಬಾಗಿತ್ತು. ಉಳಿ ಚುಚ್ಚಿದರೆ ಹಿಡಿಯವರೆಗೂ ಹೋಗುತ್ತಿತ್ತು. ಅದೇ ಕಂಬಕ್ಕೆ ಎರಡಡಿ ಮೇಲೆ ಹೊಡೆದರೆ ಟಣ್ ಅನ್ನುತ್ತಿತ್ತು. ಕಿರಾಲುಭೋಗಿ ಮರ ಅಲ್ವಾ! ಆದರೂ ಎಲ್ಲರದೂ ಒಂದೇ ಮಾತು, ಕೆಡವಿ ತಗಡಿನ ಶೆಡ್ ಹಾಕು ಅಂತ. "ಅಣ್ಣಾ, ಕುಂಬು ಮರಕ್ಕೆ ದುಡ್ಡು ಸುರೀಬೇಡ" ಅಂದ ತಮ್ಮ. ಶೆಡ್ಡಿಗೆ ಐದೂಮುಕ್ಕಾಲು ಲಕ್ಷ ಹೇಳಿದ್ದರು.

ಮೊದಲು ಎರಡು ಕಂಬದ ಕುಂಬು ಕೆತ್ತಿ ಸುತ್ತ ಕಾಂಕ್ರೀಟ್ ಹಾಕಿಸಿದೆ. ಸಿಮೆಂಟು ಮರಕ್ಕೆ ಅಂಟುವುದಿಲ್ಲ, ಒಣಗಿದ ಮೇಲೆ ಸಂದಿ ಬಿಡುತ್ತದೆ. ಆ ಸಂದಿಗೆ ಇಳಿದ ನೀರು ಆಚೆ ಬರುವುದಿಲ್ಲ. ಎರಡನೇ ವರ್ಷ ಒಡೆದು ನೋಡಿದರೆ ಒಳಗೆ ಕಪ್ಪು ಹಿಟ್ಟು. ಹದಿನೆಂಟು ಸಾವಿರ ಹೋಯಿತು. ಆಮೇಲೆ ಕಬ್ಬಿಣದ ಪಟ್ಟಿ, ಬೋಲ್ಟು. ಗಂಜಲದ ಜಾಗದಲ್ಲಿ ಕಬ್ಬಿಣ ಎಷ್ಟು ದಿನ ಬಾಳುತ್ತದೆ? ಅದಕ್ಕೂ ಒಂಬತ್ತು ಸಾವಿರ.

ಕೊನೆಗೆ ನಮ್ಮ ಆಚಾರಿ ಮತ್ತು ನಾನು ಕೂತು ಮರಕ್ಕೆ ಮರ ಸೇರುವ ಹಳೇ ಕೂಡುಗಳನ್ನೇ ನೋಡಿದೆವು. ತೊಲೆಯಲ್ಲಿ ಒಂದು ಮೊಳೆ ಇಲ್ಲ, ಬರೀ ಕಚ್ಚು, ಮರದ ಗೂಟ. "ಗೌಡ್ರೇ, ಮೇಲೆ ಇಷ್ಟು ವರ್ಷ ನಿಂತಿದ್ದು ಕೆಳಗೂ ನಿಲ್ಲುತ್ತೆ" ಅಂದರು. ಕುಂಬು ಭಾಗ ತೆಗೆದು, ಗಟ್ಟಿ ಮರ ಸಿಕ್ಕಲ್ಲಿಂದ ಓರೆಯಾಗಿ ಕೊಯ್ದು ಹೊಸ ತುಂಡು ಕೂರಿಸಿದೆವು. ಎಂಟು ಇಂಚಿನ ಕಂಬಕ್ಕೆ ಎರಡಡಿ ಉದ್ದದ ಓರೆ, ಅಂದರೆ ಮೂರು ಪಟ್ಟು. ಇದಕ್ಕಿಂತ ಕಮ್ಮಿ ಮಾಡಬೇಡಿ. ಗೂಟದ ತೂತು ಎರಡೂ ತುಂಡಿನಲ್ಲಿ ನೇರ ಇರಬಾರದು, ಚೂರು ತಪ್ಪಿಸಿ ಕೊರೆಯಬೇಕು. ಆಗ ಗೂಟ ಹೊಡೆದ ಹಾಗೆ ಕೂಡು ತಾನೇ ಬಿಗಿಯುತ್ತದೆ. ಎಷ್ಟು ತಪ್ಪಿಸಬೇಕು, ಗೂಟಕ್ಕೆ ಯಾವ ಮರ ಅನ್ನುವುದು ಆಚಾರಿಯ ಕೈಗುಣ, ಅದನ್ನು ಇಲ್ಲಿ ಬಿಡಿಸುವುದಿಲ್ಲ. ತುಂಡಿಗೆ ಹೊಸ ಮರ ತರಲಿಲ್ಲ. ಹಸಿ ಮರ ಒಣಗಿ ಕುಗ್ಗಿದರೆ ಕೂಡು ಬಾಯಿ ಬಿಡುತ್ತದೆ. ಪಕ್ಕದೂರಲ್ಲಿ ಕೆಡವಿದ ಮನೆಯ ತೊಲೆ ಕೊಂಡೆ, ಸುಮಾರು ಮೂವತ್ತೆಂಟು ಸಾವಿರ. ಕಂಬದ ಕೆಳಗೆ ಒಂಬತ್ತು ಇಂಚು ಎತ್ತರದ ಕಗ್ಗಲ್ಲು. ಜಂಬಿಟ್ಟಿಗೆ ಬೇಡ, ಅದು ನೀರು ಹೀರಿ ಮರಕ್ಕೆ ಕೊಡುತ್ತದೆ.

ತೊಲೆ ಎತ್ತಲು ಜಾಕಿ ಇಟ್ಟ ಮೊದಲ ದಿನ ಅವಸರ ಮಾಡಿ ಒಂದೇ ಸಲ ಒಂದು ಇಂಚು ಎತ್ತಿದೆವು. ಹೆಂಚು ಹೊರುವ ಮೂಲೆಯ ಪಕಾಸು ಜಾರಿ ನೂರೈವತ್ತು ಹೆಂಚು ಪುಡಿಯಾಯಿತು. ಆಮೇಲೆ ಅಟ್ಟದ ಹುಲ್ಲು, ಆ ಸಾಲಿನ ಹೆಂಚು ಇಳಿಸಿ, ದಿನಕ್ಕೆ ಎರಡೇ ನೂಲು, ಅಂದರೆ ಕಾಲು ಇಂಚು, ಎತ್ತಿದೆವು. ಕೂಲಿ, ಕಲ್ಲು, ಹಾಳಾಗಿದ್ದು ಎಲ್ಲ ಸೇರಿ 1.7 ಲಕ್ಷದ ಹತ್ತಿರ ಆಯಿತು.

ಹೆಂಚು ಇಳಿಸುವಾಗ ಬಾಸೆಲ್ ಮಿಷನ್, 1865 ಅಂತ ಅಚ್ಚಿದ್ದವು ಸಿಕ್ಕಿದವು. ಅದು ಅವರ ಮಂಗಳೂರಿನ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಆ ಹೆಂಚಿನ ವರ್ಷ ಅಲ್ಲ. ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಅದರಡಿಯ ಮರ. ತೊಲೆಯ ಅಂಚಲ್ಲಿ ಬೆರಳು ಕೂರುವಷ್ಟು ಸವೆದ ಗೆರೆಗಳು, ಗೇಣಿಗೊಂದು. ಬಳ್ಳಿ ಕಟ್ಟಿದ ಗುರುತು! ಹೆಂಚು ಬರುವ ಮೊದಲು ಇದು ಹುಲ್ಲು ಹೊದೆಸಿದ ಕೊಟ್ಟಿಗೆ. ಆ ತೊಲೆಗೆ ಎಣ್ಣೆ ಬಿಟ್ಟು ಬೇರೇನೂ ಮುಟ್ಟಿಸಿಲ್ಲ.

ಎಣ್ಣೆ ಅಂದರೆ ಗೇರು ಎಣ್ಣೆ, ಗೇರುಬೀಜದ ಸಿಪ್ಪೆಯದು. ಒಂದು ತುಂಡಿಗೆ ಹೊಂಗೆ ಎಣ್ಣೆ, ಒಂದಕ್ಕೆ ಹಳೇ ಇಂಜಿನ್ ಆಯಿಲ್, ಒಂದಕ್ಕೆ ಗೇರು ಎಣ್ಣೆ ಹಚ್ಚಿ ಹುತ್ತದ ಪಕ್ಕ ಹೂತಿಟ್ಟಿದ್ದೆ. ಮುಂದಿನ ವರ್ಷ ಗೇರು ಎಣ್ಣೆಯದಕ್ಕೆ ಮಾತ್ರ ಒರಲೆ ಮುಟ್ಟಿರಲಿಲ್ಲ. ಕೈಗೆ ತಾಗಿಸಿಕೊಳ್ಳಬೇಡಿ, ಚರ್ಮ ಸುಡುತ್ತದೆ.

ಅಟ್ಟಕ್ಕೆ ಹೊಸ ಅಡಿಕೆ ಮರದ ದಬ್ಬೆ ಹಾಕಿದೆ. ಅರ್ಧ ಕೆರೆಯಲ್ಲಿ ಮೂರು ವಾರ ನೆನೆಸಿದ್ದು, ಅರ್ಧ ಹಾಗೇ. ನೆನೆಸದ್ದಕ್ಕೆ ಒಂದೇ ವರ್ಷದಲ್ಲಿ ಕುಟ್ಟೆ ಹುಳ ಹಿಡಿಯಿತು.

ಉಳಿದ ಐದು ಕಂಬಕ್ಕೆ ಪ್ರತಿ ಮೇ ತಿಂಗಳು ಉಳಿ ಚುಚ್ಚಿ ನೋಡುತ್ತೇನೆ. ಈ ಸಲ ಬಾಗಿಲ ಪಕ್ಕದ್ದರಲ್ಲಿ ಅರ್ಧ ಇಂಚು ಇಳಿಯಿತು. ಕಲ್ಲು ತರಿಸಿ ಅಂಗಳದಲ್ಲಿ ಇಟ್ಟಿದ್ದೇನೆ.