ಬಾಗಿದ ಆಂಟೆನಾ ಸಾಲಿನ ಕಿರಣವನ್ನು ನೇರ ಮಾಡುವುದು ಹೇಗೆ?

ಚಪ್ಪಟೆ ಹಲಗೆಯ ಮೇಲೆ ಸಾಲಾಗಿ ಕೂತ ಎಂಟು ಆಂಟೆನಾಗಳಿಗೆ ಒಂದೇ ಹೊತ್ತಿಗೆ ಸಿಗ್ನಲ್ ಕೊಟ್ಟರೆ, ಅವುಗಳ ಅಲೆಗಳು ಎದುರು ದಿಕ್ಕಿನಲ್ಲಿ ಒಂದಕ್ಕೊಂದು ಕೂಡಿಕೊಂಡು ಗಟ್ಟಿ ಕಿರಣವಾಗುತ್ತವೆ. ಅದೇ ಸಾಲನ್ನು ಕೊಳವೆಯ ಮೈಗೆ ಸುತ್ತಿದರೆ ತುದಿಯ ಆಂಟೆನಾಗಳು ಹಿಂದಕ್ಕೆ ಸರಿಯುತ್ತವೆ, ಮುಖವನ್ನೂ ಪಕ್ಕಕ್ಕೆ ತಿರುಗಿಸುತ್ತವೆ. ಹಿಂದೆ ಸರಿದದ್ದನ್ನು ಕೇಬಲ್ ಉದ್ದದಿಂದ ಸರಿಪಡಿಸಬಹುದು. ಮುಖ ತಿರುಗಿದ್ದಕ್ಕೆ ಮದ್ದಿಲ್ಲ, ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡದವರೇ ಹೆಚ್ಚಾಗಿ ಎಡವುತ್ತಾರೆ.

1. ಅಳತೆ ಗೊತ್ತುಮಾಡಿ

2.4 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 125 ಮಿ.ಮೀ. ಆಂಟೆನಾಗಳ ನಡುವೆ ಅದರ ಅರ್ಧ, 62.5 ಮಿ.ಮೀ. ಇರಲಿ. ಕೊಳವೆಯ ತ್ರಿಜ್ಯ 250 ಮಿ.ಮೀ. ಆದರೆ ಪಕ್ಕಪಕ್ಕದ ಆಂಟೆನಾಗಳ ನಡುವಿನ ಕೋನ 14.3 ಡಿಗ್ರಿ. ನಡುಗೆರೆಯಿಂದ ಎರಡೂ ಬದಿಗೆ ಅವು 7.2, 21.5, 35.8 ಮತ್ತು 50.1 ಡಿಗ್ರಿಗಳಲ್ಲಿ ಕೂರುತ್ತವೆ.

2. ಪ್ಯಾಚ್ ಕೂರಿಸಿ

ಪ್ಯಾಚ್ ಎಂದರೆ ಹಲಗೆಯ ಮೇಲಿನ ಚಪ್ಪಟೆ ತಾಮ್ರದ ತುಂಡು, ಇಲ್ಲಿ ಒಂದೊಂದು ಆಂಟೆನಾವೂ ಅದೇ. 1.6 ಮಿ.ಮೀ. ದಪ್ಪದ ಎಫ್‌ಆರ್-4 (ಗಾಜಿನ ನಾರಿನ ಸರ್ಕ್ಯೂಟ್) ಹಲಗೆಯನ್ನು ಬಗ್ಗಿಸಲು ಹೋಗಬೇಡಿ, ತಾಮ್ರ ಬಿರುಕು ಬಿಡುತ್ತದೆ. ಪ್ರತಿ ಪ್ಯಾಚಿಗೂ 55 ಮಿ.ಮೀ. ಅಗಲದ ಚಪ್ಪಟೆ ತುಂಡು ಮಾಡಿ, ಬಹುಭುಜದಂತೆ ಜೋಡಿಸಿ. ತೆಳು ಹಾಳೆಯನ್ನೇ ಬಗ್ಗಿಸುವುದಾದರೆ ಪ್ಯಾಚಿನ ಅನುರಣನದ ಉದ್ದ (ಅದರ ಆವರ್ತನವನ್ನು ಗೊತ್ತುಮಾಡುವ ಬದಿ) ಕೊಳವೆಯ ಅಕ್ಷಕ್ಕೆ ಸಮಾಂತರವಾಗಿರಲಿ. ಅಡ್ಡಡ್ಡ ಇಟ್ಟರೆ ಬಾಗುವುದು ಆ ಉದ್ದವೇ, ಆವರ್ತನ ಜಾರುತ್ತದೆ. ಅಕ್ಷದ ದಿಕ್ಕಿನಲ್ಲಿಟ್ಟರೆ ಎಂಟೂ ಪ್ಯಾಚ್‌ಗಳ ಧ್ರುವೀಕರಣ (ಅಲೆಯ ವಿದ್ಯುತ್ ಕ್ಷೇತ್ರ ಆಡುವ ದಿಕ್ಕು) ಒಂದೇ ದಿಕ್ಕಿನಲ್ಲಿ ಉಳಿಯುವ ಲಾಭವೂ ಇದೆ. ಗೋಳ ಅಥವಾ ಶಂಕುವಿನ ಮೇಲೆ ಈ ಅನುಕೂಲ ಸಿಗದು.

3. ಹಿಂಸರಿತ ಲೆಕ್ಕ ಹಾಕಿ

ಪ್ರತಿ ಆಂಟೆನಾ ಎಷ್ಟು ಹಿಂದಿದೆ? ತ್ರಿಜ್ಯವನ್ನು (1 − ಕೋನದ ಕೊಸೈನ್) ಇಂದ ಗುಣಿಸಿ. ನಡುವಿನಿಂದ ತುದಿಗೆ ಬರುವ ಉತ್ತರ: 2, 17.4, 47.3, 89.8 ಮಿ.ಮೀ. ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದೇ ಫೇಸ್; ಒಂದು ತರಂಗಾಂತರಕ್ಕೆ 360 ಡಿಗ್ರಿ, ಅಂದರೆ ಒಂದು ಮಿ.ಮೀ.ಗೆ 2.88 ಡಿಗ್ರಿ. ಹಾಗಾಗಿ ತುದಿಯ ಆಂಟೆನಾ 258 ಡಿಗ್ರಿ ಹಿಂದೆ ಬೀಳುತ್ತದೆ.

ಸರಿಪಡಿಸದೆ ಬಿಟ್ಟರೆ ಏನಾಗುತ್ತದೆ? ಪ್ಯಾಚಿನ ಕ್ಷೇತ್ರಬಲ ಕೋನದ ಕೊಸೈನಿನಂತೆ ಇಳಿಯುತ್ತದೆಂದು ಹಿಡಿದು ಕೂಡಿದರೆ, ಎದುರು ದಿಕ್ಕಿನಲ್ಲಿ ಸರಿಪಡಿಸಿದ ಸಾಲಿಗಿಂತ ಸುಮಾರು 9.4 ಡೆಸಿಬೆಲ್ ನಷ್ಟ. ಎಂಟು ಆಂಟೆನಾ ಇಟ್ಟ ಶ್ರಮವೇ ವ್ಯರ್ಥ. ಫೇಸ್ ಸರಿಪಡಿಸಿದ ಮೇಲೂ ಚಪ್ಪಟೆ ಸಾಲಿಗಿಂತ 1.5 ಡೆಸಿಬೆಲ್ ಕಡಿಮೆಯೇ. ಮುಖ ತಿರುಗಿಸಿದ ಆಂಟೆನಾಗಳು ತೆರಿಸುವ ಬೆಲೆ ಅದು. ಎದುರಿನಿಂದ ಕಾಣುವ ಅಗಲವೂ 437 ರಿಂದ 384 ಮಿ.ಮೀ.ಗೆ ಇಳಿಯುವುದರಿಂದ ಕಿರಣ ಸ್ವಲ್ಪ ಅಗಲವಾಗುತ್ತದೆ.

4. ಕೇಬಲ್ ಕತ್ತರಿಸಿ

ಸಿಗ್ನಲ್ಲನ್ನು ಸಮನಾಗಿ ಹಂಚುವ ಎಂಟು ದಾರಿಯ ಪವರ್ ಡಿವೈಡರ್‌ನಿಂದ ಹೊರಡುವ ಕೇಬಲ್‌ಗಳಲ್ಲಿ ತಡವಾಗಬೇಕಾದದ್ದು ಮುಂದಿರುವ ನಡುವಿನವು. ತುದಿಯ ಕೇಬಲ್ ಅತಿ ಗಿಡ್ಡ. ಕೇಬಲ್ಲಿನ ವೇಗಾಂಶ (ಬೆಳಕಿನ ವೇಗಕ್ಕೆ ಹೋಲಿಸಿದರೆ ಅದರಲ್ಲಿ ಸಿಗ್ನಲ್ಲಿನ ವೇಗ) 0.7 ಆದರೆ, ತುದಿಯದಕ್ಕಿಂತ ನಡುವಿನ ಜೋಡಿ 61.5, ಎರಡನೆಯದು 50.7, ಮೂರನೆಯದು 29.7 ಮಿ.ಮೀ. ಉದ್ದವಿರಬೇಕು. ಎಲ್ಲವೂ ಒಂದೇ ಸುರುಳಿಯಿಂದ ಬರಲಿ. ಈ ಕೇಬಲ್ಲಿನಲ್ಲಿ ಒಂದು ಮಿ.ಮೀ. ತಪ್ಪಿದರೆ 4 ಡಿಗ್ರಿ ತಪ್ಪಿದಂತೆ.

ಇಲ್ಲಿ ಕಾಣುವ ದೊಡ್ಡ ತಪ್ಪು ಉಲ್ಟಾ ಜೋಡಿಸುವುದು, ಅಂದರೆ ತುದಿಗೆ ಉದ್ದ ಕೇಬಲ್ ಹಾಕುವುದು. ಆಗ ತಪ್ಪು ಇಮ್ಮಡಿಯಾಗಿ ಎದುರಿನ ಬಲ ಸರಿಯಾದ ಜೋಡಣೆಗಿಂತ 15 ಡೆಸಿಬೆಲ್‌ನಷ್ಟು ಕುಸಿಯುತ್ತದೆ. ಒಳಬಾಗಿದ ಮೈಯಲ್ಲಿ ಮಾತ್ರ ತುದಿಯವು ಮುಂದಿರುವುದರಿಂದ ಉದ್ದ ಕೇಬಲ್ ಅವಕ್ಕೇ. ಅಲ್ಲಿ ಆಂಟೆನಾಗಳು ಒಂದನ್ನೊಂದು ದಿಟ್ಟಿಸುವುದರಿಂದ ಪರಸ್ಪರ ಪ್ರಭಾವವೂ ಹೆಚ್ಚು.

ಕೇಬಲ್ ಬದಲು ಫೇಸ್ ಶಿಫ್ಟರ್ (ಫೇಸನ್ನು ಸರಿಸುವ ಸಾಧನ) ಬಳಸಬಹುದು, ಆದರೆ ಅದರ ಸ್ಥಿರ ಫೇಸ್ ಒಂದೇ ಆವರ್ತನಕ್ಕೆ ಸರಿ. ವಿಶಾಲ ಬ್ಯಾಂಡ್ ಬೇಕಾದವರಿಗೆ ನಿಜವಾದ ಕಾಲವಿಳಂಬವೇ ಬೇಕು.

5. ಅಳೆದು ನೋಡಿ

ನೆಟ್‌ವರ್ಕ್ ಅನಲೈಸರ್‌ನಲ್ಲಿ (ಸಿಗ್ನಲ್ಲಿನ ಫೇಸ್, ಪ್ರತಿಫಲನ ಅಳೆಯುವ ಉಪಕರಣ) ಪ್ರತಿ ಕೇಬಲ್ಲಿನ ಫೇಸ್ ಮೊದಲು, ಪ್ಯಾಚಿನ ಪ್ರತಿಫಲನ ಆಮೇಲೆ ನೋಡಿ (−10 ಡೆಸಿಬೆಲ್‌ಗಿಂತ ಕೆಳಗಿರಲಿ). ಕಿರಣದ ಆಕಾರ ಅಳೆಯಲು ಗ್ರಾಹಕ ಆಂಟೆನಾ ಕನಿಷ್ಠ 3.2 ಮೀಟರ್ ದೂರದಲ್ಲಿರಬೇಕು. ತುದಿಯ ಪ್ಯಾಚ್‌ಗಳು ಬೇರೆ ರೀತಿ ವರ್ತಿಸಿದರೆ ಗಾಬರಿ ಬೇಡ: ಅವಕ್ಕೆ ಒಂದೇ ಬದಿಯಲ್ಲಿ ನೆರೆಯಿದೆ. ಆಚೆ ಬದಿಗೂ ಒಂದೊಂದು ಪ್ಯಾಚ್ ಇಟ್ಟು 50 ಓಮ್ ಲೋಡ್ ಹಾಕಿದರೆ ವ್ಯತ್ಯಾಸ ತಗ್ಗುತ್ತದೆ.

ಕಿರಣ ತಿರುಗಿಸುವಾಗ

45 ಡಿಗ್ರಿಗೆ ತಿರುಗಿಸಿದರೆ ಆಚೆ ತುದಿಯ ಆಂಟೆನಾ ಆ ದಿಕ್ಕಿಗೆ 95 ಡಿಗ್ರಿಯಲ್ಲಿರುತ್ತದೆ, ಬೆನ್ನು ಹಾಕಿದಂತೆಯೇ. ಅದನ್ನು ಆರಿಸಿಬಿಡಿ, ಇಲ್ಲದಿದ್ದರೆ ಪಕ್ಕದ ಲೋಬ್‌ಗಳಿಗಷ್ಟೇ (ಬೇಡದ ದಿಕ್ಕಿನ ಕಿರು ಕಿರಣಗಳಿಗೆ) ಶಕ್ತಿ ಸೇರುತ್ತದೆ. ಚಪ್ಪಟೆ ಸಾಲು 60 ಡಿಗ್ರಿಗೆ ತಿರುಗಿದಾಗ ಕಿರಣ ಸುಮಾರು ಇಮ್ಮಡಿ ಅಗಲವಾಗುತ್ತದೆ. ಪೂರ್ತಿ ವೃತ್ತದಲ್ಲಿ 24 ಪ್ಯಾಚ್ ಇಟ್ಟು, ಎಂಟೆಂಟನ್ನೇ ಹೊತ್ತಿಸುತ್ತಾ 15 ಡಿಗ್ರಿಗೊಮ್ಮೆ ಸರಿಸಿದರೆ, ಸುತ್ತ 360 ಡಿಗ್ರಿಯೂ ಕಿರಣ ಅದೇ ಆಕಾರದಲ್ಲಿ ಉಳಿಯುತ್ತದೆ. ಬಾಗಿದ ಸಾಲಿಗೆ ಇಷ್ಟೆಲ್ಲ ಪಾಡುಪಡುವುದೇ ಇದಕ್ಕಾಗಿ.