ಆರ್‌ಸೆಟಿ ತರಬೇತಿ: ಅರ್ಜಿಯಿಂದ ಬ್ಯಾಂಕ್ ಸಾಲದವರೆಗೆ

ಹಳ್ಳಿಯಲ್ಲಿದ್ದುಕೊಂಡೇ ಕಸುಬು ಕಲಿತು ಸ್ವಂತಕ್ಕೆ ದುಡಿಯಬೇಕು ಎನ್ನುವವರಿಗೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ, ಒಳ್ಳೆಯ ದಾರಿ. ಕಲಿಕೆ, ಊಟ, ವಸತಿ ಎಲ್ಲ ಉಚಿತ. ಇದರ ಮೂಲ ನಮ್ಮಲ್ಲೇ ಇದೆ. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟಿ ಎಂಬ ತರಬೇತಿ ಸಂಸ್ಥೆಯ ಮಾದರಿಯನ್ನೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ದೇಶದ ಜಿಲ್ಲೆಗಳಿಗೆ ಒಯ್ದಿತು. ಹಣ ಸರ್ಕಾರದ್ದು, ನಡೆಸುವುದು ಬ್ಯಾಂಕು. ಸೀಟು ಕೊಡಿಸುತ್ತೇನೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಮೊದಲು ಕಸುಬು ಆರಿಸಿಕೊಳ್ಳಿ. ಕುರಿ, ಕೋಳಿ, ಜೇನು ಸಾಕಣೆಯಂಥವು ಸುಮಾರು 10 ದಿನ. ಟೈಲರಿಂಗ್, ಮೊಬೈಲ್ ರಿಪೇರಿ, ಬೈಕ್ ರಿಪೇರಿ, ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಸುಮಾರು 30 ದಿನ. ಗೆಳತಿ ಸೇರಿದಳೆಂದು ನೀವೂ ಬ್ಯೂಟಿ ಪಾರ್ಲರ್ ಬ್ಯಾಚಿಗೆ ಸೇರಬೇಡಿ. ನಿಮ್ಮೂರಿನಲ್ಲಿ ಆ ಕೆಲಸ ಈಗ ಎಷ್ಟು ಜನ ಮಾಡುತ್ತಿದ್ದಾರೆ, ಎಷ್ಟು ಕೂಲಿ ತಗೊಳ್ಳುತ್ತಾರೆ, ಗಿರಾಕಿ ಯಾಕೆ ಪೇಟೆಗೆ ಹೋಗುತ್ತಾರೆ ಎಂದು ಒಂದು ದಿನ ಓಡಾಡಿ ಬರೆದುಕೊಳ್ಳಿ. ಈ ಹಾಳೆ ಮುಂದೆ ಬ್ಯಾಂಕಿನಲ್ಲಿ ಕೆಲಸಕ್ಕೆ ಬರುತ್ತದೆ.

ಅರ್ಜಿ ಸಂಸ್ಥೆಯಲ್ಲೇ ಸಿಗುತ್ತದೆ. ವಿಳಾಸಕ್ಕೆ ಜಿಲ್ಲೆಯ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಬ್ಯಾಂಕು) ಕಚೇರಿಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಕೇಳಿ. 18 ತುಂಬಿರಬೇಕು, 45ರೊಳಗಿದ್ದರೆ ತೊಂದರೆಯಿಲ್ಲ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಫೋಟೊ ಒಯ್ಯಿರಿ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಮಾಡಿಸಿ. ಇಲ್ಲದಿದ್ದರೆ ಸಾಲದ ಹೊತ್ತಿಗೆ ಫೈಲು ಅಲ್ಲೇ ನಿಲ್ಲುತ್ತದೆ. ಒಂದು ಬ್ಯಾಚಿಗೆ 25ರಿಂದ 35 ಜನ. ಕೂಡಲೇ ಕರೆ ಬರದಿದ್ದರೆ ಹೆಸರು ಬರೆಸಿಟ್ಟು ವಾರಕ್ಕೊಮ್ಮೆ ವಿಚಾರಿಸಿ.

ಸೇರಿದ ಮೇಲೆ ಒಂದು ದಿನವೂ ತಪ್ಪಿಸಬೇಡಿ. ಮದುವೆ, ಜಾತ್ರೆ ಎಂದು ಊರಿಗೆ ಹೋದವರಿಗೆ ಅದೇ ದಿನದ ಕಟಿಂಗ್ ಪಾಠ ಕೈತಪ್ಪಿ, ಕೊನೆಯ ಮೌಲ್ಯಮಾಪನ ಕಷ್ಟವಾಗುತ್ತದೆ. ಕಸುಬಿನ ಜೊತೆಗೆ ಉದ್ಯಮಶೀಲತೆಯ ಪಾಠಗಳೂ ಇರುತ್ತವೆ. ರಿಂಗ್ ಎಸೆಯುವ ಆಟ ಆಡಿಸುತ್ತಾರೆ: ಗೂಟದಿಂದ ಎಷ್ಟು ದೂರ ನಿಲ್ಲಬೇಕೆಂದು ನೀವೇ ತೀರ್ಮಾನಿಸಬೇಕು. ಹತ್ತಿರ ನಿಂತರೆ ರಿಂಗು ಬೀಳುತ್ತದೆ, ಅಂಕ ಕಡಿಮೆ; ತೀರಾ ದೂರ ನಿಂತರೆ ಬೀಳುವುದೇ ಇಲ್ಲ. ಮೊದಲ ಎಸೆತದ ಫಲ ನೋಡಿ ಎರಡನೆಯದಕ್ಕೆ ಎಲ್ಲಿ ನಿಲ್ಲುತ್ತೀರಿ ಎನ್ನುವುದೇ ಅಲ್ಲಿನ ಪಾಠ. ಎಷ್ಟು ಸಾಲ ಕೇಳಬೇಕೆಂಬ ಲೆಕ್ಕವೂ ಇದೇ. ಆಟವೆಂದು ಹಿಂದೆ ಕೂರಬೇಡಿ.

ಹೆಚ್ಚಿನವರು ಎಡವುವುದು ಸಾಲಕ್ಕಾಗಿ ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ. ದಿನಕ್ಕೆ ಹತ್ತು ಬ್ಲೌಸ್ ಎಂದು ಬರೆದರೆ ಮ್ಯಾನೇಜರ್ ನಂಬುವುದಿಲ್ಲ, ನಂಬಬಾರದು ಕೂಡ. ಒಂದು ಬ್ಲೌಸಿಗೆ ಕೂಲಿ 200 ರೂ., ಲೈನಿಂಗ್, ದಾರ, ಹುಕ್ಕಿಗೆ 40 ರೂ. ಎಂದಿಟ್ಟುಕೊಳ್ಳಿ. ಉಳಿಯುವುದು 160. ಮೊದಲ ಮೂರು ತಿಂಗಳು ದಿನಕ್ಕೆ ಎರಡೇ ಎಂದರೆ 25 ದಿನಕ್ಕೆ 8,000 ರೂ. ಬಾಡಿಗೆ, ಕರೆಂಟಿಗೆ 3,000 ಕಳೆದರೆ ಕೈಗೆ 5,000. ಶೇ 11ರ ಬಡ್ಡಿಯಲ್ಲಿ 50,000 ರೂ. ಸಾಲವನ್ನು 36 ಕಂತಿನಲ್ಲಿ ತೀರಿಸಲು ತಿಂಗಳಿಗೆ ಸುಮಾರು 1,640 ರೂ. ಬೇಕು. ಇಷ್ಟನ್ನು ನಿಮ್ಮೂರಿನ ದರದಲ್ಲಿ, ಆ ಓಡಾಟದ ಹಾಳೆ ನೋಡಿ ಬರೆಯಿರಿ.

50,000 ರೂ.ವರೆಗಿನ ಸಾಲ ಸಣ್ಣ ಉದ್ಯಮಗಳಿಗಿರುವ ಕೇಂದ್ರದ ಸಾಲ ಯೋಜನೆ ಮುದ್ರಾದ ‘ಶಿಶು’ ವಿಭಾಗಕ್ಕೆ ಬರುತ್ತದೆ, ಅಡಮಾನ ಬೇಡ. ಹೋಗಬೇಕಾದ್ದು ನಿಮ್ಮೂರಿಗೆ ಸೇವೆ ಕೊಡುವ ಶಾಖೆಗೆ. ಪ್ರಮಾಣಪತ್ರ, ವರದಿಯ ಜೊತೆ ಯಂತ್ರದ ಕೊಟೇಶನ್ನೂ ಇರಲಿ. ಸಂಘದ ಹಳೇ ಸಾಲದ ಕಂತು ಬಾಕಿಯಿದ್ದರೆ ಮೊದಲು ತೀರಿಸಿ. ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯ ಸಬ್ಸಿಡಿ ಬೇಕೆಂದರೆ ಅಂಗಡಿ ತೆರೆಯುವ ಮುಂಚೆಯೇ ಅರ್ಜಿ ಹಾಕಬೇಕು. ಮೊದಲ ಸಲದ ಸಬ್ಸಿಡಿ ಹೊಸ ಘಟಕಕ್ಕೆ ಮಾತ್ರ.

ಮ್ಯಾನೇಜರ್ ಸಾಲ ಆಗುವುದಿಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಅದನ್ನು ಹಿಡಿದು ಸಂಸ್ಥೆಯ ನಿರ್ದೇಶಕರ ಬಳಿ ಹೋಗಿ. ತರಬೇತಿ ಮುಗಿದ ಮೇಲೂ ಎರಡು ವರ್ಷ ನಿಮ್ಮ ಬೆನ್ನಿಗೆ ನಿಲ್ಲುವುದು ಅವರ ಕೆಲಸ.