‘ಎ.ಕ. 9’ ಎಂದರೆ ಬೇಲೂರೋ, ಬೆಂಗಳೂರೋ?

ಎಂ.ಎ. ಸಂಪ್ರಬಂಧಕ್ಕೆ ‘ಕದಂಬರು’ ತೀರಾ ದೊಡ್ಡ ವಿಷಯ. ‘ಮಯೂರಶರ್ಮ ಕಂಚಿಗೆ ಹೋದ ಪ್ರಸಂಗವನ್ನು ತಾಳಗುಂದ ಸ್ತಂಭಶಾಸನ ಹೇಗೆ ಹೇಳುತ್ತದೆ?’ ಎಂದು ಕೇಳಿಕೊಂಡರೆ ಕೈಗೆ ಸಿಗುತ್ತದೆ. ಪ್ರಶ್ನೆಯಾಗಿ ಬರೆಯಲಾಗದ ವಿಷಯವನ್ನು ಮಾರ್ಗದರ್ಶಕರ ಬಳಿ ಒಯ್ಯಬೇಡಿ.

ಮೊದಲು ಮೂಲಪಾಠ ಹುಡುಕಿ. ಬಿ.ಎಲ್. ರೈಸ್ ಸಂಪಾದಿಸಿದ, ಕರ್ನಾಟಕದ ಶಾಸನಗಳ ಸಂಪುಟಮಾಲೆ ‘ಎಪಿಗ್ರಾಫಿಯ ಕರ್ನಾಟಿಕ’ದ (ಎ.ಕ.) 7ನೇ ಸಂಪುಟದಲ್ಲಿ (1902) ತಾಳಗುಂದ ಶಾಸನವು ಶಿಕಾರಿಪುರ ತಾಲ್ಲೂಕಿನ 176ನೇ ಶಾಸನ. ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಸಂಪಾದಿಸಿದ ಪಾಠ ‘ಎಪಿಗ್ರಾಫಿಯ ಇಂಡಿಕ’ ಎಂಬ ಇನ್ನೊಂದು ಶಾಸನಮಾಲೆಯ 8ನೇ ಸಂಪುಟದಲ್ಲಿದೆ. ಎರಡನ್ನೂ ಎದುರಿಗಿಟ್ಟುಕೊಂಡು ಓದಿ. ಯಾರ ಪಾಠ ಅನುಸರಿಸಿದ್ದೀರೆಂದು ಮೊದಲ ಅಡಿಟಿಪ್ಪಣಿಯಲ್ಲೇ ತಿಳಿಸಿ.

ಹೆಚ್ಚಿನವರು ಎಡವುವುದು ಆವೃತ್ತಿಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಹಂಚಿಕೆಯೂ ಶಾಸನಸಂಖ್ಯೆಗಳೂ ಬದಲಾಗಿವೆ. ಬೇಲೂರಿನ ಶಾಸನಗಳು ರೈಸ್ ಆವೃತ್ತಿಯಲ್ಲಿ 5ನೇ ಸಂಪುಟ, ಪರಿಷ್ಕೃತದಲ್ಲಿ 9. ರೈಸ್ ಅವರ 9ನೇ ಸಂಪುಟವೋ ಬೆಂಗಳೂರು ಜಿಲ್ಲೆಯದು. ಬರೀ ‘ಎ.ಕ. 9’ ಎಂದು ಬರೆದರೆ ಓದುಗ ಬೇರೆ ಜಿಲ್ಲೆಗೇ ಹೋಗಿಬಿಡುತ್ತಾನೆ. ಹೀಗೆ ಬರೆಯಿರಿ: ಎ.ಕ. (ರೈಸ್), ಸಂಪುಟ 7, ಶಿಕಾರಿಪುರ 176.

ಪುಸ್ತಕ ಕೈಗೆ ಬಂದೊಡನೆ ಶೀರ್ಷಿಕೆ ಪುಟದ ಹಿಂಬದಿ ತೆರೆದು ಪ್ರಕಾಶಕರು, ಊರು, ಮುದ್ರಣದ ವರ್ಷ ಬರೆದುಕೊಳ್ಳಿ. ಮರುಮುದ್ರಣದಲ್ಲಿ ಪುಟಸಂಖ್ಯೆ ಸರಿದಿರಬಹುದು. ನೀವು ಓದಿದ ಪ್ರತಿಯ ವರ್ಷವನ್ನೇ ಕೊಡಿ. ಟಿಪ್ಪಣಿ ಮಾಡುವಾಗ ಪುಸ್ತಕದ ಮಾತಿಗೆ ಉದ್ಧರಣ ಚಿಹ್ನೆ, ಪಕ್ಕದಲ್ಲೇ ಪುಟ. ಇದನ್ನು ಆಮೇಲೆ ಮಾಡೋಣವೆಂದು ಬಿಟ್ಟರೆ ಮೂರು ತಿಂಗಳ ನಂತರ ಯಾವ ವಾಕ್ಯ ಯಾರದೆಂದು ನಿಮಗೇ ತಿಳಿಯುವುದಿಲ್ಲ. ಕೃತಿಚೌರ್ಯದ ಎಷ್ಟೋ ಆರೋಪಗಳ ಬೇರು ಈ ಸೋಮಾರಿತನ.

ಕೀಲ್‌ಹಾರ್ನ್ ಅವರ ಅಭಿಪ್ರಾಯವನ್ನು ಚಿದಾನಂದಮೂರ್ತಿಯವರ ಪುಸ್ತಕದಲ್ಲಿ ಓದಿದ್ದರೆ ‘ಉದ್ಧೃತ: ಚಿದಾನಂದಮೂರ್ತಿ’ ಎಂದೇ ಪುಟಸಹಿತ ಬರೆಯಿರಿ. ನೋಡದ ಪುಸ್ತಕವನ್ನು ನೋಡಿದಂತೆ ತೋರಿಸಿದರೆ ಮೌಖಿಕ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆಗೆ ಬಣ್ಣ ಬಯಲು.

‘ಅದೇ, ಪು. 42’ ಎಂಬ ಅಡಿಟಿಪ್ಪಣಿಯನ್ನು ಕೊನೆಯ ಕರಡಿನವರೆಗೆ ಬಳಸಬೇಡಿ. ನಡುವೆ ಹೊಸ ಟಿಪ್ಪಣಿಯೊಂದು ಸೇರಿತೋ, ‘ಅದೇ’ ಬೇರೆ ಪುಸ್ತಕವನ್ನು ತೋರಿಸುತ್ತದೆ. ‘ಸಂ.’ ಕೂಡ ಕಾಟದ್ದೇ: ಸಂಪುಟವೋ, ಸಂಪಾದಕರೋ, ಸಂಚಿಕೆಯೋ? ಪೂರ್ತಿ ಬರೆದುಬಿಡಿ.

ಜೊಟೆರೊದಂಥ ಉಚಿತ ತಂತ್ರಾಂಶ ಗ್ರಂಥಸೂಚಿಯನ್ನು ತಾನೇ ಜೋಡಿಸುತ್ತದೆ, ಆದರೆ ನಮ್ಮ ಹೆಸರುಗಳು ಅದಕ್ಕೆ ಅರ್ಥವಾಗುವುದಿಲ್ಲ. ‘ಎಂ. ಚಿದಾನಂದ ಮೂರ್ತಿ’ ಎಂದು ಬಿಡಿಸಿ ಕೊಟ್ಟರೆ ‘ಮೂರ್ತಿ, ಎಂ. ಚಿದಾನಂದ’ ಮಾಡಿ ‘ಮ’ಕಾರಕ್ಕೆ ತಳ್ಳುತ್ತದೆ. ಕೊನೆಯ ಹೆಸರಿನ ಜಾಗದಲ್ಲಿ ‘ಚಿದಾನಂದಮೂರ್ತಿ’, ಮೊದಲ ಹೆಸರಿನ ಜಾಗದಲ್ಲಿ ‘ಎಂ.’ ತುಂಬಿಸಿ. ಕುವೆಂಪು ಅವರಂಥ ಒಂಟಿ ಹೆಸರಿಗೆ ಒಂದೇ ಖಾನೆಯ ಆಯ್ಕೆಯಿದೆ.

ಕೃತಿಚೌರ್ಯ ಕುರಿತ ಯುಜಿಸಿಯ 2018ರ ನಿಯಮದಂತೆ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಶೇ 10 ಮೀರಿ 40ರವರೆಗೆ ಇದ್ದರೆ ಆರು ತಿಂಗಳೊಳಗಿನ ನಿಗದಿತ ಅವಧಿಯಲ್ಲಿ ತಿದ್ದಿ ಮತ್ತೆ ಸಲ್ಲಿಸಬೇಕು; ಶೇ 60 ದಾಟಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಉದ್ಧರಿಸಿದ ಭಾಗ ಮತ್ತು ಗ್ರಂಥಸೂಚಿ ಈ ಲೆಕ್ಕಕ್ಕೆ ಬರುವುದಿಲ್ಲ.

ಬೈಂಡಿಂಗ್‌ಗೆ ಕೊಡುವ ಮುನ್ನ ಗೆಳೆಯರೊಬ್ಬರಿಗೆ ನಿಮ್ಮ ಹತ್ತು ಅಡಿಟಿಪ್ಪಣಿಗಳನ್ನು ಕೊಟ್ಟು ಗ್ರಂಥಾಲಯಕ್ಕೆ ಕಳಿಸಿ. ಎರಡು ಪುಟಸಂಖ್ಯೆ ತಪ್ಪಿದ್ದರೂ ಉಳಿದೆಲ್ಲವನ್ನೂ ತೆರೆದು ನೋಡಿ.